ಡ್ರೈವರ್ ಪರಿಶೀಲನೆ: ಎಲ್ಲೆಡೆ ಲಾಕ್ ಇದೆ, ಆದರೂ ಅನುಮಾನ ಹೋಗುತ್ತಿಲ್ಲ

ಎರಡನೇಓದು

ಲಿನಕ್ಸ್‌ನ ತಿರುಳಾದ ಕರ್ನಲ್‌ಗೆಂದು ಬರೆದ ಸುಮಾರು 900 ಸಾಲುಗಳ ಒಂದು ಡ್ರೈವರನ್ನು (ಸಾಧನವನ್ನು ನಡೆಸುವ ಕೋಡ್) ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಾಧನ ಸರಳವಾದದ್ದು. ಅದು ಅಳತೆಗಳನ್ನು ಕಳಿಸುತ್ತದೆ, ಸಾಧನದ ಕರೆಗೆ (ಇಂಟರಪ್ಟ್) ಓಗೊಡುವ ಇಂಟರಪ್ಟ್ ಹ್ಯಾಂಡ್ಲರ್ ಅವನ್ನು, ಕೊನೆ ಮುಟ್ಟಿದ ಮೇಲೆ ಮೊದಲಿಗೆ ಸುತ್ತಿ ಬರುವ 256 ಸ್ಥಾನಗಳ ರಿಂಗ್ ಬಫರ್‌ಗೆ ತುಂಬುತ್ತದೆ, ಬಳಕೆದಾರರ ಪ್ರೋಗ್ರಾಂ ರೀಡ್ ಕರೆಯ ಮೂಲಕ ಅವನ್ನು ತೆಗೆದುಕೊಳ್ಳುತ್ತದೆ. ಬಫರನ್ನು ಖಾಲಿ ಮಾಡಲು ರೀಸೆಟ್ ಎಂಬ ಒಂದು ಐಆಕ್ಟಲ್ (ಪ್ರೋಗ್ರಾಂ ಸಾಧನಕ್ಕೆ ಕೊಡುವ ಆದೇಶ) ಇದೆ. 100 ಮಿಲಿಸೆಕೆಂಡ್ ಕಾಲ ಯಾವ ಅಳತೆಯೂ ಬಾರದಿದ್ದರೆ ಟೈಮರ್ ಎದ್ದು ಒಂದು ವರ್ಕ್ ಅನ್ನು (ಆಮೇಲೆ ಮಾಡಬೇಕಾದ ಕೆಲಸ) ಸರದಿಗೆ ಹಾಕುತ್ತದೆ. ಆ ವರ್ಕ್ ಸಾಧನವನ್ನು ಮತ್ತೆ ಚಾಲೂ ಮಾಡಿ, ಟೈಮರನ್ನು ಮತ್ತೆ ಹೂಡುತ್ತದೆ.

ಒಂದೇ ದತ್ತಾಂಶವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಕಾಯಲು ಇಡೀ ಡ್ರೈವರ್‌ನಲ್ಲಿ ಎರಡು ಲಾಕ್‌ಗಳಿವೆ: ಒಂದು ಸ್ಪಿನ್‌ಲಾಕ್ (ಸಿಗುವ ತನಕ ಸುತ್ತುತ್ತ ಕಾಯುವಂಥದ್ದು), ಒಂದು ಮ್ಯೂಟೆಕ್ಸ್ (ನಿದ್ರಿಸುತ್ತ ಕಾಯಬಹುದಾದದ್ದು). ಪ್ರತಿ ಫಂಕ್ಷನ್‌ನಲ್ಲೂ ಎರಡರಲ್ಲಿ ಒಂದನ್ನು ಹಿಡಿದು, ಹೊರಬರುವ ಎಲ್ಲ ದಾರಿಗಳಲ್ಲೂ ಸರಿಯಾಗಿ ಬಿಟ್ಟಿದ್ದಾರೆ. ದೋಷದ ದಾರಿಗಳನ್ನೂ ಒಂದೊಂದಾಗಿ ನೋಡಿದ್ದೇನೆ. ಲಾಕ್ ತಪ್ಪುಗಳನ್ನು ಪತ್ತೆಹಚ್ಚುವ ಲಾಕ್‌ಡೆಪ್ ಚಾಲೂ ಮಾಡಿ ಎರಡು ದಿನ ಓಡಿಸಿದಾಗ ಒಂದು ಎಚ್ಚರಿಕೆಯೂ ಬರಲಿಲ್ಲ ಎಂದು ಬರೆದವರು ತಿಳಿಸಿದ್ದಾರೆ. ಇಷ್ಟಾದರೂ ಒಪ್ಪಿಗೆ ಬರೆಯಲು ನನ್ನ ಕೈ ಏಳುತ್ತಿಲ್ಲ. ಲಾಕ್ ಇದೆಯೇ ಎಂದು ನೋಡಿದ್ದೇನೆಯೇ ಹೊರತು, ಅದು ಸಾಕೇ ಎಂಬುದನ್ನು ನೋಡಿಲ್ಲ ಎನಿಸುತ್ತಿದೆ. ಅನುಭವಿಗಳು ಇಂಥ ಕೋಡನ್ನು ಯಾವ ಕ್ರಮದಲ್ಲಿ ಓದುತ್ತೀರಿ?

ಮೂಕಬೀಗ

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಫಂಕ್ಷನ್‌ಗಳನ್ನು ಮೇಲಿನಿಂದ ಕೆಳಗೆ ಓದುತ್ತ ಹೋದರೆ ಹಿಡಿದದ್ದು, ಬಿಟ್ಟದ್ದು ಮಾತ್ರ ಕಾಣುತ್ತದೆ. ಲಾಕ್ ಕಾಯುವುದು ಕೋಡನ್ನಲ್ಲ, ದತ್ತಾಂಶವನ್ನು. ಆದ್ದರಿಂದ ಮೊದಲು ಫಂಕ್ಷನ್‌ಗಳನ್ನು ಮುಚ್ಚಿಟ್ಟು ಸ್ಟ್ರಕ್ಟ್ ಅನ್ನು (ಡ್ರೈವರ್‌ನ ದತ್ತಾಂಶ ಇರುವ ರಚನೆ) ತೆರೆಯಿರಿ. ಅದರ ಒಂದೊಂದು ಸದಸ್ಯದ ಎದುರು ಮೂರು ಸಂಗತಿ ಬರೆಯಿರಿ: ಇದನ್ನು ಯಾರು ಬರೆಯುತ್ತಾರೆ, ಯಾರು ಓದುತ್ತಾರೆ, ಅವರಲ್ಲಿ ಪ್ರತಿಯೊಬ್ಬರೂ ಯಾವ ಸಂದರ್ಭದಲ್ಲಿ ಓಡುತ್ತಾರೆ. ಸಂದರ್ಭ ಎಂದರೆ ಪ್ರೋಸೆಸ್‌ನ ಪರವಾಗಿಯೇ, ವರ್ಕ್‌ಗಳ ಸರದಿಯಾದ ವರ್ಕ್‌ಕ್ಯೂನಲ್ಲಿಯೇ, ಟೈಮರ್ ಓಡುವ ಸಾಫ್ಟ್ ಇಂಟರಪ್ಟ್‌ನಲ್ಲಿಯೇ, ಸಾಧನವೇ ಎಬ್ಬಿಸುವ ಹಾರ್ಡ್ ಇಂಟರಪ್ಟ್‌ನಲ್ಲಿಯೇ ಎಂಬುದು. ಆಮೇಲಷ್ಟೇ ಈ ಸದಸ್ಯವನ್ನು ಕಾಯುವ ಲಾಕ್ ಯಾವುದು ಎಂದು ಕೇಳಿ. ಉತ್ತರ ಒಂದೇ ಲಾಕ್ ಆಗಿರಬೇಕು. ‘ಇಲ್ಲಿ ಮ್ಯೂಟೆಕ್ಸ್, ಅಲ್ಲಿ ಸ್ಪಿನ್‌ಲಾಕ್’ ಎಂಬ ಉತ್ತರ ಬಂದರೆ ಆ ಸದಸ್ಯವನ್ನು ಯಾವುದೂ ಕಾಯುತ್ತಿಲ್ಲ.

ಲಾಕ್ ಎಂದರೆ ಕೋಡಿಗೆ ಹಾಕಿದ ಬೇಲಿ ಎಂಬ ಅಭ್ಯಾಸ ನಮ್ಮಲ್ಲಿ ಹಳೆಯದು. 1996ರಲ್ಲಿ ಲಿನಕ್ಸ್ 2.0 ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳಿಗೆ ಬೆಂಬಲ ಕೊಟ್ಟಾಗ ಬಂದ ಬಿಗ್ ಕರ್ನಲ್ ಲಾಕ್ ನಿಜಕ್ಕೂ ಹಾಗೆಯೇ ಇತ್ತು. ಒಬ್ಬರೇ ಅದನ್ನು ಮತ್ತೆ ಮತ್ತೆ ಹಿಡಿಯಬಹುದಿತ್ತು, ಹಿಡಿದವರು ನಿದ್ರೆಗೆ ಹೋದರೆ ಅದು ತಾನಾಗಿ ಬಿಟ್ಟುಹೋಗುತ್ತಿತ್ತು, ಎಚ್ಚರಗೊಂಡಾಗ ತಾನಾಗಿ ಕೈಗೆ ಬರುತ್ತಿತ್ತು. ಅದು ಏನನ್ನು ಕಾಯುತ್ತಿದೆ ಎಂಬುದನ್ನು ಯಾರೂ ಬರೆದಿಡದ ಕಾರಣ, ಅದನ್ನು ಒಂದೊಂದೇ ಕಡತದಿಂದ ಕಿತ್ತು 2011ರ 2.6.39ರಲ್ಲಿ ಪೂರ್ತಿ ತೆಗೆಯುವ ಹೊತ್ತಿಗೆ 15 ವರ್ಷ ಕಳೆದಿತ್ತು.

ಪಟ್ಟಿ ಸಿದ್ಧವಾದ ಮೇಲೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.

ಯಂತ್ರನಂಬಿಕೆ

ಇಷ್ಟೆಲ್ಲ ಕೈಯಿಂದ ಮಾಡಬೇಕಾದ ಅಗತ್ಯ ಈಗ ಇದೆಯೇ ಎಂಬುದು ನನ್ನ ಪ್ರಶ್ನೆ. ಲಾಕ್‌ಗಳ ಕ್ರಮಕ್ಕೆ ಲಾಕ್‌ಡೆಪ್, ದತ್ತಾಂಶದ ರೇಸ್‌ಗೆ (ಒಂದೇ ದತ್ತಾಂಶವನ್ನು ಇಬ್ಬರು ಕಾವಲಿಲ್ಲದೆ ಒಟ್ಟಿಗೆ ಮುಟ್ಟುವುದು) ಕೆಸಿಸ್ಯಾನ್, ಬಿಡುಗಡೆಯಾದ ಮೆಮೊರಿಯ ಬಳಕೆಗೆ ಕೆಸ್ಯಾನ್, ಇವನ್ನೆಲ್ಲ ಕೆದಕಿ ಎಬ್ಬಿಸಲು ಸಿಜ್‌ಕಾಲರ್. ಈ ನಾಲ್ಕನ್ನೂ ಒಂದು ವಾರ ಓಡಿಸಿದರೆ ಮನುಷ್ಯನ ಕಣ್ಣಿಗಿಂತ ಹೆಚ್ಚು ಸಿಗುತ್ತದೆ. ಪರಿಶೀಲಕರು ವಿನ್ಯಾಸವನ್ನು ನೋಡಲಿ, ರೇಸ್ ಹುಡುಕುವುದನ್ನು ಯಂತ್ರಕ್ಕೆ ಬಿಡಲಿ.

ಎರಡನೇಓದು

ಪಟ್ಟಿ ಮಾಡಿದೆ. ಒಂದು ಗಂಟೆಯ ಕೆಲಸ. ಎರಡು ದಿನದ ಓದಿನಲ್ಲಿ ಕಾಣದ್ದು ಇದರಲ್ಲಿ ಕಂಡಿತು.

ರಿಂಗ್ ಬಫರ್‌ನ ಹೆಡ್ (ಮುಂದೆ ಬರೆಯುವ ಸ್ಥಾನ) ಮತ್ತು ಟೇಲ್ (ಮುಂದೆ ಓದುವ ಸ್ಥಾನ) ಎಂಬ ಎರಡು ಸೂಚ್ಯಂಕಗಳನ್ನು ಹ್ಯಾಂಡ್ಲರ್, ರೀಡ್, ರೀಸೆಟ್ ಮೂರೂ ಸ್ಪಿನ್‌ಲಾಕ್‌ನ ಒಳಗೇ ಮುಟ್ಟುತ್ತವೆ. ಆದರೆ ರೀಡ್‌ನಲ್ಲಿ ಇಂಟರಪ್ಟ್ ಮುಚ್ಚಿ ಲಾಕ್ ಹಿಡಿಯುವ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಇದೆ, ರೀಸೆಟ್‌ನಲ್ಲಿ ಬರಿಯ ಸ್ಪಿನ್_ಲಾಕ್ ಇದೆ. ಕೊನೆಯ ಅಳತೆ ಬಂದ ಹೊತ್ತನ್ನು ಹ್ಯಾಂಡ್ಲರ್ ಬರೆಯುತ್ತದೆ, ಟೈಮರ್ ಯಾವ ಲಾಕೂ ಇಲ್ಲದೆ ಓದುತ್ತದೆ. ‘ನಿಲ್ಲುತ್ತಿದೆ’ ಎಂಬ ಬೂಲಿಯನ್ (ಹೌದು-ಇಲ್ಲ ಗುರುತು) ಒಂದಿದೆ. ಡ್ರೈವರ್ ಕಳಚುವಾಗ ಓಡುವ ರಿಮೂವ್ ಫಂಕ್ಷನ್ ಅದನ್ನು ಮ್ಯೂಟೆಕ್ಸ್ ಹಿಡಿದು ಬರೆಯುತ್ತದೆ, ಉಳಿದವರೆಲ್ಲ ಹಾಗೆಯೇ ಓದುತ್ತಾರೆ.

ರೀಸೆಟ್‌ನದು ನೇರವಾದ ತಪ್ಪು ಎಂದು ನನ್ನ ಅಂದಾಜು. ಸರಿಯೇ?

ಮೂಕಬೀಗ

ಸರಿ. ರೀಸೆಟ್ ಲಾಕ್ ಹಿಡಿದಿರುವಾಗ ಅದೇ ಪ್ರೊಸೆಸರ್‌ಗೆ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಅದೇ ಲಾಕ್‌ಗಾಗಿ ಸುತ್ತುತ್ತ ನಿಲ್ಲುತ್ತದೆ. ಹ್ಯಾಂಡ್ಲರ್ ಮುಗಿಯದೆ ರೀಸೆಟ್ ಮುಂದುವರಿಯದು, ರೀಸೆಟ್ ಮುಂದುವರಿಯದೆ ಲಾಕ್ ಬಿಡುಗಡೆಯಾಗದು. ಇಂಟರಪ್ಟ್ ಬೇರೆ ಪ್ರೊಸೆಸರ್‌ಗೆ ಬಂದರೆ ಮಾತ್ರ ಒಂದು ಕ್ಷಣ ಕಾದು ಎಲ್ಲ ಸುಸೂತ್ರವಾಗಿ ಸಾಗುತ್ತದೆ. ಹಾಗಾಗಿಯೇ ಪ್ರಯೋಗದ ಮೇಜಿನ ಮೇಲೆ ಇದು ಸಿಗುವುದು ಅಪರೂಪ.

ಈಗ ಯಂತ್ರನಂಬಿಕೆಯವರ ಮಾತಿಗೆ ಬರುತ್ತೇನೆ. ನಾನು ಲಾಕ್‌ಡೆಪ್‌ನ ಅಭಿಮಾನಿಯೇ. 2006ರಲ್ಲಿ 2.6.18ರ ಜೊತೆ ಬಂದ ಆ ಸಾಧನ ಒಂದು ತರಹದ ಜಾಣತನದ ಮೇಲೆ ನಿಂತಿದೆ: ಅದು ಒಂದೊಂದು ಲಾಕನ್ನು ಬೇರೆ ಬೇರೆಯಾಗಿ ನೋಡದೆ ಅವುಗಳ ವರ್ಗವನ್ನು ನೋಡುತ್ತದೆ, ಮತ್ತು ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯುತ್ತ ಎಲ್ಲರೂ ನಿಂತುಹೋಗುವುದು) ನಿಜವಾಗಿ ಘಟಿಸಲೆಂದು ಕಾಯುವುದಿಲ್ಲ. ಒಂದು ದಾರಿಯಲ್ಲಿ ‘ಎ’ ಹಿಡಿದು ‘ಬಿ’ ಹಿಡಿದದ್ದನ್ನು ಬೆಳಿಗ್ಗೆ ಕಂಡಿದ್ದರೆ, ಸಂಜೆ ಇನ್ನೊಂದು ದಾರಿಯಲ್ಲಿ ‘ಬಿ’ ಹಿಡಿದು ‘ಎ’ಗೆ ಕೈ ಚಾಚಿದ ಕೂಡಲೇ, ಆಗ ಇಡೀ ಯಂತ್ರದಲ್ಲಿ ಒಂದೇ ಥ್ರೆಡ್ (ಓಡುತ್ತಿರುವ ಕೋಡಿನ ಎಳೆ) ಓಡುತ್ತಿದ್ದರೂ ಸಹ, ಅದು ಕೂಗಿ ಹೇಳುತ್ತದೆ. ಇಂಟರಪ್ಟ್‌ನಲ್ಲಿ ಹಿಡಿಯುವ ಲಾಕನ್ನು ಬೇರೆಡೆ ಇಂಟರಪ್ಟ್ ತೆರೆದಿಟ್ಟು ಹಿಡಿದರೂ ಹೇಳುತ್ತದೆ. ಅಂದರೆ ಈ ರೀಸೆಟ್ ತಪ್ಪು ಲಾಕ್‌ಡೆಪ್‌ಗೆ ಸುಲಭದ ತುತ್ತು. ಎರಡು ದಿನವಾದರೂ ಅದು ಹೇಳಲಿಲ್ಲ ಎಂದರೆ ಆ ಎರಡು ದಿನದಲ್ಲಿ ರೀಸೆಟ್ ಅನ್ನು ಯಾರೂ ಒಮ್ಮೆಯೂ ಕರೆದಿಲ್ಲ ಎಂದೇ ಅರ್ಥ. ಓಡದ ದಾರಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಎರಡನೆಯದಾಗಿ, ಹಿಡಿಯಬೇಕಾದ ಲಾಕನ್ನು ಹಿಡಿಯದೇ ಹೋದರೆ ಲಾಕ್‌ಡೆಪ್‌ಗೆ ಅದು ವಿಷಯವೇ ಅಲ್ಲ. ಅದನ್ನು ವಿಷಯವಾಗಿಸಬೇಕಾದರೆ ಲಾಕ್ ಬೇಡುವ ಫಂಕ್ಷನ್‌ನ ಮೊದಲ ಸಾಲಿನಲ್ಲಿ ಲಾಕ್‌ಡೆಪ್_ಅಸರ್ಟ್_ಹೆಲ್ಡ್ ಎಂದು ಬರೆಯಬೇಕು. ‘ಕರೆಯುವವರು ಲಾಕ್ ಹಿಡಿದಿರಬೇಕು’ ಎಂಬ ಟಿಪ್ಪಣಿಗಿಂತ ಇದು ಮೇಲು, ಏಕೆಂದರೆ ಟಿಪ್ಪಣಿ ಹಳಸಿದರೆ ಯಾರಿಗೂ ತಿಳಿಯುವುದಿಲ್ಲ.

ಯಂತ್ರನಂಬಿಕೆ

ಲಾಕ್ ಹಿಡಿಯದ ಪ್ರಕರಣಕ್ಕೇ ಅಲ್ಲವೇ ಕೆಸಿಸ್ಯಾನ್ ಇರುವುದು?

ಮೂಕಬೀಗ

ಹೌದು, 2020ರ 5.8ರಿಂದ ಅದೂ ಇದೆ. ಅದರ ವಿಧಾನ ಮಾದರಿ ತೆಗೆಯುವುದು. ಕೆಲವು ಮೆಮೊರಿ ಪ್ರವೇಶಗಳನ್ನು ಆರಿಸಿ, ಅಲ್ಲಿ ಕಾವಲು ಕೂರಿಸಿ, ಸ್ವಲ್ಪ ಹೊತ್ತು ತಡೆದು, ಆ ಅವಧಿಯಲ್ಲಿ ಬೇರೆಯವರು ಅದೇ ಜಾಗವನ್ನು ಮುಟ್ಟಿದರೇ ಎಂದು ನೋಡುತ್ತದೆ. ಸಿಕ್ಕಿದ್ದು ನಿಜವಾದದ್ದು, ಸಿಗದಿದ್ದರೆ ಇಲ್ಲ ಎಂದಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡೂ ಕಡೆ ಲಾಕ್ ಹಿಡಿದೇ ಮುಟ್ಟಿದ್ದು, ನಡುವೆ ಬಿಟ್ಟು ಮತ್ತೆ ಹಿಡಿದಿದ್ದರೆ ಅದಕ್ಕೆ ದೂರೇ ಇಲ್ಲ. ಆ ಜಾತಿಯ ತಪ್ಪು ಈ ಡ್ರೈವರ್‌ನ ರೀಡ್‌ನಲ್ಲೇ ಇರಬಹುದು ಎಂದು ನನಗೆ ಗುಮಾನಿ. ರೀಡ್ ಏನು ಮಾಡುತ್ತದೆ ಎಂದು ವಿವರವಾಗಿ ಬರೆಯುತ್ತೀರಾ?

ಎರಡನೇಓದು

ಮೊದಲ ಆವೃತ್ತಿಯಲ್ಲಿ ಸ್ಪಿನ್‌ಲಾಕ್ ಹಿಡಿದೇ, ಬಳಕೆದಾರರ ಮೆಮೊರಿಗೆ ನಕಲು ಮಾಡುವ ಕಾಪಿ_ಟು_ಯೂಸರ್ ಕರೆದಿದ್ದರು. ಬಳಕೆದಾರರ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಪೇಜ್ ಫಾಲ್ಟ್ ಆಗಿ ನಿದ್ರೆ ಹೋಗಬೇಕಾಗುತ್ತದೆ, ಸ್ಪಿನ್‌ಲಾಕ್ ಹಿಡಿದವರು ನಿದ್ರಿಸುವಂತಿಲ್ಲ ಎಂದು ಇನ್ನೊಬ್ಬ ಪರಿಶೀಲಕರು ಆಕ್ಷೇಪಿಸಿದ್ದರು. ಅದಕ್ಕಾಗಿ ಎರಡನೆಯ ಆವೃತ್ತಿಯಲ್ಲಿ ಲಾಕ್ ಹಿಡಿದು ಟೇಲ್ ಅನ್ನೂ ಲಭ್ಯವಿರುವ ಅಳತೆಗಳ ಸಂಖ್ಯೆಯನ್ನೂ ಓದಿಕೊಂಡು, ಲಾಕ್ ಬಿಟ್ಟು ನಕಲು ಮಾಡಿ, ಮತ್ತೆ ಲಾಕ್ ಹಿಡಿದು ಟೇಲ್‌ಗೆ ಆ ಸಂಖ್ಯೆಯನ್ನು ಕೂಡುತ್ತಾರೆ.

ಸರದಿಸಾಲು

ಗುಮಾನಿ ಬೇಡ, ತಪ್ಪು ಅಲ್ಲೇ ಇದೆ. ಸಂಖ್ಯೆ ಹಾಕಿ ನೋಡಿ. ಹೆಡ್ 40, ಟೇಲ್ 10 ಇವೆ ಎಂದುಕೊಳ್ಳೋಣ. ಓದುವವನು 30 ಅಳತೆಗಳಿವೆ ಎಂದು ಲೆಕ್ಕ ಹಾಕಿ ಲಾಕ್ ಬಿಟ್ಟ. ಅವನು ನಕಲು ಮಾಡುತ್ತಿರುವಾಗ ಇನ್ನೊಂದು ಥ್ರೆಡ್ ರೀಸೆಟ್ ಕರೆದು ಹೆಡ್, ಟೇಲ್ ಎರಡನ್ನೂ 0 ಮಾಡಿತು. ಓದುವವನು ಮರಳಿ ಬಂದು ಲಾಕ್ ಹಿಡಿದು, ಶಿಸ್ತಾಗಿ, ಟೇಲ್‌ಗೆ 30 ಕೂಡಿದ. ಈಗ ಹೆಡ್ 0, ಟೇಲ್ 30. ಎರಡೂ 32 ಬಿಟ್‌ಗಳ ಚಿಹ್ನೆಯಿಲ್ಲದ ಸಂಖ್ಯೆಗಳಾಗಿದ್ದು, ಲಭ್ಯ ಎಂದರೆ ಹೆಡ್‌ನಿಂದ ಟೇಲ್ ಕಳೆದದ್ದು ಎಂದಾದರೆ, ಮುಂದಿನ ರೀಡ್‌ಗೆ 4294967266 ಅಳತೆಗಳು ಕಾದಿವೆ! ನಕಲಿನ ಉದ್ದಕ್ಕೆ ಬೇರೆ ಮಿತಿ ಇಲ್ಲದಿದ್ದರೆ ಕರ್ನಲ್‌ನ ಪಕ್ಕದ ಮೆಮೊರಿ ಬಳಕೆದಾರರ ಕೈಗೆ ಹೋಗುತ್ತದೆ. 255ರಿಂದ ಮಾಸ್ಕ್ ಮಾಡಿ ಕೊನೆಯ 8 ಬಿಟ್‌ಗಳನ್ನಷ್ಟೇ ಉಳಿಸಿಕೊಂಡಿದ್ದರೆ 226 ಹಳಸಲು ಅಳತೆಗಳು ಹೋಗುತ್ತವೆ. ಅಪಾಯ ಕಡಿಮೆ, ಆದರೆ ತಪ್ಪು ತಪ್ಪೇ. ರೀಸೆಟ್ ಬೇಡ, ಇಬ್ಬರು ಒಟ್ಟಿಗೆ ಓದಿದರೂ ಸಾಕು. ಇಬ್ಬರಿಗೂ ಅದೇ 30 ಅಳತೆ ಸಿಗುತ್ತದೆ, ಟೇಲ್ ಮಾತ್ರ 60 ಮುಂದೆ ಹೋಗುತ್ತದೆ.

ಇಲ್ಲಿ ಪ್ರತಿಯೊಂದು ಪ್ರವೇಶವೂ ಲಾಕ್‌ನ ಒಳಗೇ ಇದೆ ಎಂಬುದನ್ನು ಗಮನಿಸಿ. ಲಾಕ್ ಕಾಯಬೇಕಾದದ್ದು ಟೇಲ್ ಎಂಬ ಸಂಖ್ಯೆಯನ್ನಲ್ಲ, ‘ಟೇಲ್‌ನಿಂದ ಮುಂದಿನ ಇಷ್ಟು ಅಳತೆಗಳು ನನ್ನವು’ ಎಂಬ ತೀರ್ಮಾನವನ್ನು. ಆ ತೀರ್ಮಾನ ಲಾಕ್ ಬಿಟ್ಟ ಕ್ಷಣಕ್ಕೇ ಸತ್ತಿದೆ. ಪರಿಶೀಲನೆಯಲ್ಲಿ ನಾನು ಅನ್‌ಲಾಕ್ ಕಂಡಲ್ಲೆಲ್ಲ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆಯುತ್ತೇನೆ. ಗೆರೆಯ ಮೇಲೆ ಓದಿದ ಯಾವ ಬೆಲೆ ಗೆರೆಯ ಕೆಳಗೆ ಬಳಕೆಯಾಗಿದೆ ಎಂದು ಹುಡುಕಿದರೆ ಅರ್ಧ ಕೆಲಸ ಮುಗಿಯುತ್ತದೆ.

2016ರ ಅಕ್ಟೋಬರ್‌ನಲ್ಲಿ ಸರಿಪಡಿಸಲಾದ, ಡರ್ಟಿ ಕೌ ಎಂದು ಹೆಸರಾದ ದೋಷ ಇದೇ ಕುಲದ್ದು. 2007ರ 2.6.22ರಿಂದ ಅದು ಅಲ್ಲೇ ಇತ್ತು. ಬರೆಯುವ ಹಕ್ಕಿಲ್ಲದ ಕಡತದ ಖಾಸಗಿ ಮ್ಯಾಪಿಂಗ್‌ಗೆ (ಮೆಮೊರಿಯಲ್ಲಿ ಆ ಕಡತದ ಸ್ವಂತ ನೋಟ) ಕರ್ನಲ್ ಮೂಲಕ ಬರೆಯಹೊರಟಾಗ ಮೊದಲ ಸುತ್ತಿನಲ್ಲಿ ಪುಟದ ಪ್ರತಿ ಸಿದ್ಧವಾಗುತ್ತದೆ, ಇನ್ನು ಬರೆಯುವ ಅನುಮತಿಯ ತಪಾಸಣೆ ಬೇಡ ಎಂದು ತೀರ್ಮಾನವಾಗುತ್ತದೆ, ಆಮೇಲೆ ಇನ್ನೊಂದು ಸುತ್ತಿನಲ್ಲಿ ಪುಟವನ್ನು ಹುಡುಕಲಾಗುತ್ತದೆ. ಎರಡು ಸುತ್ತುಗಳ ನಡುವೆ ಇನ್ನೊಂದು ಥ್ರೆಡ್ ಎಂಅಡ್ವೈಸ್ ಕರೆದು ಆ ಪ್ರತಿಯನ್ನು ಎಸೆದರೆ, ಎರಡನೆಯ ಸುತ್ತಿಗೆ ಸಿಗುವುದು ಕಡತದ ಮೂಲ ಪುಟ. ಇಬ್ಬರೂ ವಿಳಾಸಾವಕಾಶದ ಸೆಮಫೋರ್ (ಪ್ರೋಸೆಸ್‌ನ ಮೆಮೊರಿ ನಕಾಶೆಯನ್ನು ಕಾಯುವ ಲಾಕ್) ಹಿಡಿದೇ ಇದ್ದರು, ಆದರೆ ಇಬ್ಬರೂ ಓದುಗರಾಗಿ ಹಿಡಿದಿದ್ದರು. ಓದುಗರು ಒಬ್ಬರನ್ನೊಬ್ಬರು ತಡೆಯುವುದಿಲ್ಲ. ರೀಡ್ ಲಾಕ್ ಹಿಡಿದವರು ಒಳಗೆ ಏನನ್ನಾದರೂ ಬದಲಾಯಿಸುತ್ತಿದ್ದಾರೆಯೇ ಎಂಬ ಪ್ರಶ್ನೆಯನ್ನು ಬಿಡಬೇಡಿ. 2023ರಲ್ಲಿ ಬೆಳಕಿಗೆ ಬಂದ ಸ್ಟ್ಯಾಕ್‌ರಾಟ್ ಎಂಬ ದೋಷ ಕೂಡ ಓದುಗ ಲಾಕ್‌ನಡಿಯಲ್ಲೇ ಸ್ಟ್ಯಾಕ್ ಹಿಗ್ಗಿಸಿ ಒಳಗಿನ ಮರದ ಗೆಣ್ಣುಗಳನ್ನು ಬದಲಿಸಿದ್ದರಿಂದ ಹುಟ್ಟಿದ್ದು.

ಎರಡನೇಓದು

ಹಾಗಾದರೆ ರೀಡ್ ಮತ್ತು ರೀಸೆಟ್ ಎರಡನ್ನೂ ಪೂರ್ತಿಯಾಗಿ ಮ್ಯೂಟೆಕ್ಸ್‌ನೊಳಗೆ ಇಡುವಂತೆ ಸೂಚಿಸಲೇ? ಮ್ಯೂಟೆಕ್ಸ್ ಹಿಡಿದು ನಿದ್ರಿಸಬಹುದಲ್ಲ. ಸೂಚ್ಯಂಕಗಳನ್ನು ಮುಟ್ಟುವಾಗ ಮಾತ್ರ ಒಳಗೆ ಸ್ಪಿನ್‌ಲಾಕ್.

ಸರದಿಸಾಲು

ಈ ಡ್ರೈವರ್‌ಗೆ ಎಂಮ್ಯಾಪ್ (ಬಫರನ್ನು ಬಳಕೆದಾರರ ಮೆಮೊರಿಯಲ್ಲೇ ನೇರವಾಗಿ ತೋರಿಸುವ ಕರೆ) ಇದೆಯೇ?

ಎರಡನೇಓದು

ಈ ಪ್ಯಾಚ್‌ನಲ್ಲಿ (ಬದಲಾವಣೆಯ ಕಂತು) ಇಲ್ಲ. ಇದರ ಮುಂದಿನ ಪ್ಯಾಚ್‌ನಲ್ಲಿ ಬರುತ್ತದೆ, ಮತ್ತು ಅದು ಅದೇ ಮ್ಯೂಟೆಕ್ಸ್ ಹಿಡಿಯುತ್ತದೆ.

ಸರದಿಸಾಲು

ಹಾಗಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ರೀಡ್ ಮ್ಯೂಟೆಕ್ಸ್ ಹಿಡಿದು ನಕಲು ಮಾಡುತ್ತದೆ, ನಕಲು ಪೇಜ್ ಫಾಲ್ಟ್ ಆಗಿ ಎಂಮ್ಯಾಪ್ ಲಾಕ್ (ಮೇಲೆ ಹೇಳಿದ ವಿಳಾಸಾವಕಾಶದ ಲಾಕ್) ಬೇಡುತ್ತದೆ. ಎಂಮ್ಯಾಪ್ ಕರೆಯಲ್ಲಿ ಕರ್ನಲ್ ಮೊದಲು ಎಂಮ್ಯಾಪ್ ಲಾಕ್ ಹಿಡಿದು, ಆಮೇಲೆ ನಿಮ್ಮ ಡ್ರೈವರ್‌ನೊಳಗೆ ಬರುತ್ತದೆ, ಡ್ರೈವರ್ ಮ್ಯೂಟೆಕ್ಸ್ ಬೇಡುತ್ತದೆ. ಒಂದೇ ಪ್ರೋಸೆಸ್‌ನ ಎರಡು ಥ್ರೆಡ್‌ಗಳು ಸಾಕು, ಎರಡೂ ಎಂದೆಂದಿಗೂ ಕಾಯುತ್ತ ಕೂರುತ್ತವೆ. ಪ್ಯಾಚ್‌ಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಎರಡೂ ನಿರ್ದೋಷಿಗಳು ಎಂಬುದೇ ಇದರ ಕಷ್ಟ. ಇಲ್ಲಿ ಮಾತ್ರ ಯಂತ್ರನಂಬಿಕೆಯವರ ಪರವಾಗಿ ಒಂದು ಮಾತು: ನಕಲು ಮಾಡುವ ಫಂಕ್ಷನ್‌ಗಳಲ್ಲಿ ‘ಫಾಲ್ಟ್ ಆಗಬಹುದು’ ಎಂಬ ಗುರುತು ಇರುವುದರಿಂದ, ಫಾಲ್ಟ್ ನಿಜವಾಗಿ ಆಗದಿದ್ದರೂ ಲಾಕ್‌ಡೆಪ್ ಈ ಕ್ರಮಭಂಗವನ್ನು ಹಿಡಿಯುತ್ತದೆ. ಎರಡೂ ದಾರಿ ಒಮ್ಮೊಮ್ಮೆ ಓಡಿದರೆ ಸಾಕು.

ಕರ್ನಲ್‌ನ ಮೆಮೊರಿ ವಿಭಾಗದಲ್ಲಿ ಫೈಲ್‌ಮ್ಯಾಪ್ ಮತ್ತು ಆರ್‌ಮ್ಯಾಪ್ ಎಂಬ ಎರಡು ಸಿ ಕಡತಗಳ ಆರಂಭದಲ್ಲೇ ಯಾವ ಲಾಕ್‌ನ ಒಳಗೆ ಯಾವ ಲಾಕ್ ಎಂಬ ಏಣಿಯನ್ನು ಟಿಪ್ಪಣಿಯಾಗಿ ಬರೆದಿಟ್ಟಿದ್ದಾರೆ. ಎರಡೇ ಲಾಕ್‌ಗಳ ಡ್ರೈವರ್‌ಗೂ ಎರಡು ಸಾಲಿನ ಅಂಥ ಟಿಪ್ಪಣಿಯನ್ನು ನಾನು ಕೇಳಿಯೇ ಕೇಳುತ್ತೇನೆ.

ನನ್ನ ಸಲಹೆ ಇದು. ರೀಡ್‌ನ ಆರಂಭದಲ್ಲಿ, ಯಾವ ಲಾಕೂ ಹಿಡಿಯುವ ಮೊದಲು, 64 ಅಳತೆ ಹಿಡಿಸುವ ತಾತ್ಕಾಲಿಕ ಜಾಗವನ್ನು ಪಡೆಯಲಿ; ಅಳತೆಗೆ 16 ಬೈಟ್ ಎಂದರೂ 1024 ಬೈಟ್ ಅಷ್ಟೇ. ಸ್ಪಿನ್‌ಲಾಕ್ ಹಿಡಿದು ಅಳತೆಗಳನ್ನು ಅದಕ್ಕೆ ವರ್ಗಾಯಿಸಿ, ಟೇಲ್ ಅನ್ನು ಆಗಲೇ ಮುಂದೂಡಿ, ಲಾಕ್ ಬಿಟ್ಟು, ಬಳಿಕ ಬಳಕೆದಾರರಿಗೆ ನಕಲು ಮಾಡಲಿ. ಲಾಕ್ ಬಿಡುವ ಹೊತ್ತಿಗೆ ಆ ಅಳತೆಗಳು ನಿಜಕ್ಕೂ ಓದುಗನವೇ ಆಗಿರುತ್ತವೆ. ನಕಲು ವಿಫಲವಾದರೆ ಅವು ಕಳೆದುಹೋಗುತ್ತವೆ, ನಿಜ. ತಪ್ಪು ವಿಳಾಸ ಕೊಟ್ಟವರಿಗೆ ಅಷ್ಟು ನಷ್ಟ ಸಹ್ಯವೇ ಎಂಬುದನ್ನು ಬರೆದವರು ತೀರ್ಮಾನಿಸಿ ದಾಖಲಿಸಲಿ.

ಅರೆಬಿಟ್

ಲಾಕ್ ಇಲ್ಲದೆ ಓದುವ ಆ ಎರಡು ಸದಸ್ಯಗಳನ್ನು ಯಾರೂ ಮಾತಾಡಿಸಲಿಲ್ಲ. ‘ಬರಿಯ ಹೊತ್ತು ತಾನೇ, ಸ್ವಲ್ಪ ಹಳತಾದರೂ ನಡೆಯುತ್ತದೆ’ ಎಂಬ ಉತ್ತರ ಬರೆದವರಿಂದ ಖಂಡಿತ ಬರುತ್ತದೆ, ಆದ್ದರಿಂದ ಮೊದಲೇ ಹೇಳುತ್ತೇನೆ. ಹೊತ್ತನ್ನು ಜಿಫೀಸ್‌ನಲ್ಲಿ (ಕರ್ನಲ್‌ನ ಗಡಿಯಾರದ ಮಿಡಿತಗಳ ಎಣಿಕೆ), ಯಂತ್ರದ ಪದದಷ್ಟೇ ಅಗಲದ ಸಂಖ್ಯೆಯಾಗಿ ಇಟ್ಟಿದ್ದರೆ ಆ ಉತ್ತರಕ್ಕೆ ಅರ್ಧ ಅರ್ಥವಿದೆ. 64 ಬಿಟ್‌ಗಳ ನ್ಯಾನೊಸೆಕೆಂಡ್ ಸಂಖ್ಯೆಯಾಗಿದ್ದರೆ, 32 ಬಿಟ್ ಪ್ರೊಸೆಸರ್‌ನಲ್ಲಿ ಅದನ್ನು ಎರಡು ತುಂಡಾಗಿ ಓದಬೇಕಾಗುತ್ತದೆ. ಮೇಲಿನ ತುಂಡು ಹಳತು, ಕೆಳಗಿನ ತುಂಡು ಹೊಸತು ಎಂದಾದಾಗ ಸಿಗುವ ಹೊತ್ತು ಹಳತೂ ಅಲ್ಲ, ಹೊಸತೂ ಅಲ್ಲ, ಎಂದೂ ಇರದಿದ್ದ ಹೊತ್ತು.

ಇನ್ನು ‘ನಿಲ್ಲುತ್ತಿದೆ’ ಎಂಬ ಗುರುತು. ಅದನ್ನು ಒಂದು ಲೂಪ್‌ನಲ್ಲಿ ಸಾಮಾನ್ಯ ಚಲಕದಂತೆ ಓದಿದರೆ, ಲೂಪ್‌ನೊಳಗೆ ಅದನ್ನು ಯಾರೂ ಬದಲಾಯಿಸುವುದಿಲ್ಲ ಎಂದು ಕಂಪೈಲರ್ ನಂಬಿ, ಒಮ್ಮೆ ಮಾತ್ರ ಓದಿ ಲೂಪ್‌ನ ಹೊರಗಿಟ್ಟುಕೊಳ್ಳಲು ಸ್ವತಂತ್ರವಾಗಿದೆ. ಆಗ ಲೂಪ್ ನಿಲ್ಲುವುದೇ ಇಲ್ಲ. ರೀಡ್_ಒನ್ಸ್, ರೈಟ್_ಒನ್ಸ್ ಇರುವುದು ಇದನ್ನು ತಡೆಯಲು. ಆದರೆ ಅವು ಕ್ರಮವನ್ನು ಕಾಯುವುದಿಲ್ಲ. ಮೊದಲು ದತ್ತಾಂಶ ಬರೆದು ಆಮೇಲೆ ‘ಸಿದ್ಧ’ ಎಂಬ ಗುರುತು ಎತ್ತಿದರೆ, ಎಕ್ಸ್86 ಪ್ರೊಸೆಸರ್ ಎರಡು ಬರಹಗಳನ್ನು ಅದೇ ಕ್ರಮದಲ್ಲಿ ಹೊರಗೆ ತೋರಿಸುತ್ತದೆ. ಆರ್ಮ್ ಪ್ರೊಸೆಸರ್‌ಗೆ ಆ ಹಂಗಿಲ್ಲ. ಅಲ್ಲಿ ಕ್ರಮ ಕಾಯುವ ಆದೇಶಗಳು (ಬ್ಯಾರಿಯರ್) ಬೇಕು: ಬರೆಯುವ ಬದಿಯಲ್ಲಿ ರಿಲೀಸ್, ಓದುವ ಬದಿಯಲ್ಲಿ ಅಕ್ವೈರ್, ಮತ್ತು ಎರಡೂ ಜೋಡಿಯಾಗಿ ಬೇಕು. ಒಂದು ಬ್ಯಾರಿಯರ್ ಕಂಡರೆ ಅದರ ಜೋಡಿ ಎಲ್ಲಿದೆ ಎಂದು ಕೇಳಿ. ‘ಇಲ್ಲಿದೆ’ ಎಂದು ಟಿಪ್ಪಣಿಯಲ್ಲಿ ಬರೆದಿರದಿದ್ದರೆ ಬಹಳ ಸಲ ಅದು ಎಲ್ಲೂ ಇರುವುದಿಲ್ಲ.

ಯಂತ್ರನಂಬಿಕೆ

ಕೆಸಿಸ್ಯಾನ್ ದೂರು ನಿಲ್ಲಿಸಲೆಂದು ಕಂಡಕಂಡಲ್ಲಿ ರೀಡ್_ಒನ್ಸ್ ಅಂಟಿಸುವ ಪ್ಯಾಚ್‌ಗಳನ್ನು ನಾನೂ ನೋಡಿದ್ದೇನೆ. ಅದು ಔಷಧವಲ್ಲ, ಬಾಯಿಗೆ ಬಟ್ಟೆ ತುರುಕುವುದು. ಈ ಒಂದು ವಿಷಯದಲ್ಲಿ ನಿಮ್ಮೊಂದಿಗೆ ನನ್ನ ಜಗಳವಿಲ್ಲ.

ಎರಡನೇಓದು

ಹೊತ್ತು ಜಿಫೀಸ್‌ನಲ್ಲೇ ಇದೆ, ಉಳಿದುಕೊಂಡಿತು. ಈಗ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿರುವುದು ರಿಮೂವ್. ಅದರ ಕ್ರಮ ಹೀಗಿದೆ: ಮ್ಯೂಟೆಕ್ಸ್ ಹಿಡಿಯುವುದು, ‘ನಿಲ್ಲುತ್ತಿದೆ’ ಎಂದು ಬರೆಯುವುದು, ಟೈಮರನ್ನು ಅಳಿಸಿ ಅದು ಮುಗಿಯುವ ತನಕ ಕಾಯುವುದು, ಕ್ಯಾನ್ಸಲ್_ವರ್ಕ್_ಸಿಂಕ್ (ವರ್ಕ್ ರದ್ದು ಮಾಡಿ, ಓಡುತ್ತಿದ್ದರೆ ಮುಗಿಯುವ ತನಕ ಕಾಯುವುದು), ಮ್ಯೂಟೆಕ್ಸ್ ಬಿಡುವುದು, ಫ್ರೀ_ಐಆರ್‌ಕ್ಯೂ (ಇಂಟರಪ್ಟನ್ನು ಬಿಟ್ಟುಕೊಡುವುದು), ಕೊನೆಗೆ ಸ್ಟ್ರಕ್ಟ್‌ನ ಮೆಮೊರಿ ಬಿಡುಗಡೆ. ಲಾಕ್ ಇದೆ, ಕಾಯುವ ಫಂಕ್ಷನ್‌ಗಳನ್ನೇ ಕರೆದಿದ್ದಾರೆ. ಆದರೂ ವರ್ಕ್ ಟೈಮರನ್ನು ಹೂಡುತ್ತದೆ, ಟೈಮರ್ ವರ್ಕ್ ಅನ್ನು ಹೂಡುತ್ತದೆ ಎಂಬುದು ತಲೆಯಿಂದ ಹೋಗುತ್ತಿಲ್ಲ.

ಮೂಕಬೀಗ

ಏಳು ಹೆಜ್ಜೆಗಳಲ್ಲಿ ನಾಲ್ಕು ತಪ್ಪು ಕಾಣುತ್ತಿದೆ. ಈ ಭಾಗಕ್ಕೆ ಸಮಯ ಕೊಡಿ. ಡ್ರೈವರ್‌ಗಳಲ್ಲಿ ನಾನು ಕಂಡ ಕೆಟ್ಟ ರೇಸ್‌ಗಳಲ್ಲಿ ಹೆಚ್ಚಿನವು ಕೆಲಸ ಮಾಡುವಾಗ ಅಲ್ಲ, ಕಳಚುವಾಗ ಆಗುವಂಥವು.

ಮೊದಲನೆಯದು ಡೆಡ್‌ಲಾಕ್. ವರ್ಕ್ ಮ್ಯೂಟೆಕ್ಸ್ ಬೇಡುತ್ತದೆ, ರಿಮೂವ್ ಮ್ಯೂಟೆಕ್ಸ್ ಹಿಡಿದು ವರ್ಕ್ ಮುಗಿಯಲೆಂದು ಕಾಯುತ್ತದೆ. ಒಬ್ಬರ ಕೈಯಲ್ಲಿ ಲಾಕ್, ಇನ್ನೊಬ್ಬರಿಗಾಗಿ ಕಾಯುವಿಕೆ: ಕಾಯುವ ಫಂಕ್ಷನ್ ಕೂಡ ಲಾಕೇ ಎಂದು ಎಣಿಸಿ ಏಣಿಯಲ್ಲಿ ಅದಕ್ಕೂ ಜಾಗ ಕೊಡಬೇಕು. ವರ್ಕ್‌ಕ್ಯೂಗೆ ಲಾಕ್‌ಡೆಪ್ ಗುರುತುಗಳಿರುವುದರಿಂದ ಇದನ್ನು ಯಂತ್ರ ಹಿಡಿಯಬೇಕಿತ್ತು. ಸಾಧನ ಸ್ತಬ್ಧವಾದಾಗ ಮಾತ್ರ ಆ ವರ್ಕ್ ಓಡುತ್ತದೆ ಎಂದಿದ್ದೀರಿ. ಮೇಜಿನ ಮೇಲಿನ ಒಳ್ಳೆಯ ಸಾಧನ ಎರಡು ದಿನದಲ್ಲಿ ಒಮ್ಮೆಯೂ ಸ್ತಬ್ಧವಾಗಿರಲಿಕ್ಕಿಲ್ಲ.

ಎರಡನೆಯದು ನಿಮ್ಮ ತಲೆಯಿಂದ ಹೋಗದಿರುವುದು. ಟೈಮರ್ ಅಳಿಸಿದ ಮೇಲೆ, ಆಗಲೇ ಓಡುತ್ತಿದ್ದ ವರ್ಕ್ ಅದನ್ನು ಮತ್ತೆ ಹೂಡುತ್ತದೆ. ವರ್ಕ್ ಮುಗಿಯುತ್ತದೆ, ಮೆಮೊರಿ ಬಿಡುಗಡೆಯಾಗುತ್ತದೆ, 100 ಮಿಲಿಸೆಕೆಂಡ್ ಬಳಿಕ ಟೈಮರ್ ಏಳುವುದು ಬಿಡುಗಡೆಯಾದ ಮೆಮೊರಿಯೊಳಗೆ. ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ಟೈಮರ್ ವರ್ಕ್ ಅನ್ನು ಹೂಡುತ್ತದೆ. ಒಂದು ವೃತ್ತವನ್ನು ಬರಿಯ ಕ್ರಮದಿಂದ ಕತ್ತರಿಸಲಾಗದು. 2023ರ ಫೆಬ್ರವರಿಯ 6.2ರಿಂದ ಟೈಮರ್_ಶಟ್‌ಡೌನ್_ಸಿಂಕ್ ಇದೆ. ಅದು ಓಡುತ್ತಿರುವ ಟೈಮರ್ ಮುಗಿಯುವ ತನಕ ಕಾಯುವುದಷ್ಟೇ ಅಲ್ಲ, ಆಮೇಲೆ ಯಾರೇ ಹೂಡಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕಿಂತ ಹಳೆಯ ಕರ್ನಲ್‌ನಲ್ಲಿ, ಟೈಮರ್ ಹೂಡುವ ಪ್ರತಿಯೊಬ್ಬರೂ ಲಾಕ್ ಹಿಡಿದು ಗುರುತನ್ನು ನೋಡಿ, ಆ ಲಾಕ್ ಬಿಡುವ ಮೊದಲೇ ಹೂಡಬೇಕು.

ಮೂರನೆಯದು ಇಂಟರಪ್ಟ್. ಹ್ಯಾಂಡ್ಲರ್ ಕೂಡ ಪ್ರತಿ ಅಳತೆಗೂ ಟೈಮರನ್ನು ಮುಂದೂಡುತ್ತಿರಬೇಕಲ್ಲ. ಹಾಗಿದ್ದರೆ ಅದು ಬದುಕಿರುವ ತನಕ ಟೈಮರ್ ಸಾಯುವುದಿಲ್ಲ. ನಾನು ಬರೆಯುವ ಕ್ರಮ ಹೀಗೆ: ಮ್ಯೂಟೆಕ್ಸ್ ಹಿಡಿದು ಗುರುತು ಬರೆದು, ಸಾಧನದ ರಿಜಿಸ್ಟರ್‌ನಲ್ಲೇ ಇಂಟರಪ್ಟ್ ನಿಲ್ಲಿಸಿ, ಮ್ಯೂಟೆಕ್ಸ್ ಬಿಡುವುದು. ವರ್ಕ್ ತಾನು ಮ್ಯೂಟೆಕ್ಸ್ ಹಿಡಿದ ಕೂಡಲೇ ಗುರುತು ನೋಡಿ ಹಿಂದಿರುಗಬೇಕು, ಇಲ್ಲವಾದರೆ ನಾವು ಮಲಗಿಸಿದ ಸಾಧನವನ್ನು ಅದು ಮತ್ತೆ ಎಬ್ಬಿಸುತ್ತದೆ. ಬಳಿಕ, ಯಾವ ಲಾಕೂ ಕೈಯಲ್ಲಿಲ್ಲದೆ, ಫ್ರೀ_ಐಆರ್‌ಕ್ಯೂ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವ ತನಕ ಅದೇ ಕಾಯುತ್ತದೆ. ಆಮೇಲೆ ಟೈಮರ್ ಶಟ್‌ಡೌನ್, ಅದಾದ ಮೇಲೆ ವರ್ಕ್ ರದ್ದು.

ನಾಲ್ಕನೆಯದು ತೆರೆದಿರುವ ಕಡತ. ಸಾಧನವನ್ನು ಕಿತ್ತರೂ ಬಳಕೆದಾರರ ಕೈಯಲ್ಲಿ ಡಿಸ್ಕ್ರಿಪ್ಟರ್ (ತೆರೆದ ಕಡತದ ಹಿಡಿಕೆ) ಉಳಿದಿರುತ್ತದೆ, ಒಬ್ಬರು ರೀಡ್‌ನಲ್ಲಿ ಅಳತೆಗಾಗಿ ನಿದ್ರಿಸುತ್ತಲೂ ಇರಬಹುದು. ರಿಮೂವ್ ಅವರನ್ನು ಎಬ್ಬಿಸಬೇಕು, ಎದ್ದವರು ಗುರುತು ನೋಡಿ ‘ಸಾಧನ ಇಲ್ಲ’ ಎಂಬ ದೋಷದೊಂದಿಗೆ ಮರಳಬೇಕು, ಸ್ಟ್ರಕ್ಟ್‌ನ ಮೆಮೊರಿ ಕೊನೆಯ ಉಲ್ಲೇಖ ಹೋದ ಮೇಲಷ್ಟೇ ಬಿಡುಗಡೆಯಾಗಬೇಕು. ಸ್ಟ್ರಕ್ಟ್‌ನ ಒಳಗಿರುವ ಲಾಕ್ ಅದೇ ಸ್ಟ್ರಕ್ಟ್‌ನ ಆಯುಸ್ಸನ್ನು ಕಾಯಲಾರದು; ಲಾಕ್ ಹಿಡಿಯಲು ಹೋಗುವ ಮೊದಲೇ ಸ್ಟ್ರಕ್ಟ್ ಇಲ್ಲವಾಗಿರಬಹುದು. ಅದಕ್ಕೆ ಬೇಕಾದದ್ದು ಕೆರೆಫ್, ಅಂದರೆ ಸ್ಟ್ರಕ್ಟ್ ಅನ್ನು ಇನ್ನೂ ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ. ಎಣಿಕೆಯೂ ಒಂಟಿಯಾಗಿ ಸಾಲದು. ಓಪನ್ ಕರೆ ಪಟ್ಟಿಯಲ್ಲಿ ಸಾಧನವನ್ನು ಹುಡುಕಿ ಎಣಿಕೆ ಏರಿಸುವ ತನಕ ಪಟ್ಟಿಯ ಲಾಕ್ ಕೈಯಲ್ಲಿರಬೇಕು, ಇಲ್ಲವಾದರೆ ಕಂಡದ್ದಕ್ಕೂ ಹಿಡಿದದ್ದಕ್ಕೂ ನಡುವೆ ಅದು ಶೂನ್ಯವಾಗಿ ಹೋಗಬಹುದು.

ಅರೆಬಿಟ್

ಒಂದು ಸಣ್ಣ ಸೇರಿಕೆ. 2024ರ ನವೆಂಬರ್‌ನ 6.12ರಿಂದ ರಿಯಲ್‌ಟೈಮ್ ಆಯ್ಕೆ (ನಿಗದಿತ ಹೊತ್ತಿನೊಳಗೆ ಉತ್ತರಿಸಬೇಕಾದ ಯಂತ್ರಗಳಿಗಾಗಿ) ಮುಖ್ಯ ಕರ್ನಲ್‌ನಲ್ಲೇ ಇದೆ. ಅದನ್ನು ಚಾಲೂ ಮಾಡಿದರೆ ಸಾಮಾನ್ಯ ಸ್ಪಿನ್‌ಲಾಕ್ ನಿದ್ರಿಸಬಲ್ಲ ಲಾಕ್ ಆಗುತ್ತದೆ, ಐಆರ್‌ಕ್ಯೂಸೇವ್ ಇಂಟರಪ್ಟ್‌ಗಳನ್ನು ನಿಜವಾಗಿ ಮುಚ್ಚುವುದಿಲ್ಲ. ‘ಸ್ಪಿನ್‌ಲಾಕ್ ಹಿಡಿದಿದ್ದೇನೆ, ಆದ್ದರಿಂದ ಈ ಪ್ರೊಸೆಸರ್‌ನಲ್ಲಿ ಬೇರೆ ಯಾರೂ ಓಡುವುದಿಲ್ಲ’ ಎಂಬ ಊಹೆ ಎಲ್ಲಾದರೂ ಅವಿತಿದ್ದರೆ ಅದೂ ಬೀಳುತ್ತದೆ. ಈ ಡ್ರೈವರ್‌ನಲ್ಲಿ ಪ್ರತಿ ಪ್ರೊಸೆಸರ್‌ಗೂ ಬೇರೆ ಬೇರೆ ಎಣಿಕೆಗಳೇನಾದರೂ ಇವೆಯೇ ಎಂದು ನೋಡಿ.

ಎರಡನೇಓದು

ಇಲ್ಲ, ಎಣಿಕೆಗಳಿಲ್ಲ.

ನಾಲ್ಕು ಪುಟದ ಆಕ್ಷೇಪ ಬರೆದು ಕಳಿಸಿದ್ದೆ. ಬರೆದವರು ಬೇಸರಿಸದೆ ಉತ್ತರಿಸಿದ್ದಾರೆ. ರೀಸೆಟ್ ಅನ್ನು ಪರೀಕ್ಷೆಯಲ್ಲಿ ಕರೆದೇ ಇರಲಿಲ್ಲ, ವರ್ಕ್ ಒಮ್ಮೆಯೂ ಓಡಿರಲಿಲ್ಲ ಎಂದು ಒಪ್ಪಿದ್ದಾರೆ. ಸಾಧನದ ಇಂಟರಪ್ಟನ್ನು ಬೇಕೆಂದೇ ಮುಚ್ಚಿ ವರ್ಕ್ ಓಡುವಂತೆ ಮಾಡಿ, ಆಮೇಲೆ ಡ್ರೈವರ್ ಕಳಚಿದಾಗ ಲಾಕ್‌ಡೆಪ್ ಮೊದಲ ಸಲಕ್ಕೇ ಮ್ಯೂಟೆಕ್ಸ್ ಮತ್ತು ವರ್ಕ್‌ನ ವೃತ್ತವನ್ನು ತೋರಿಸಿತಂತೆ. ರೀಡ್‌ನ ತಪ್ಪಿಗೆ ಮಾತ್ರ ಯಾವ ಪರೀಕ್ಷಾ ಸಾಧನವೂ ಎಚ್ಚರಿಕೆ ಕೊಡಲಿಲ್ಲ. ಎರಡು ಥ್ರೆಡ್‌ಗಳಿಂದ ಓದುತ್ತ, ಮೂರನೆಯದರಿಂದ ರೀಸೆಟ್ ಕರೆಯುತ್ತ ಹೋದಾಗ ಲಭ್ಯ ಸಂಖ್ಯೆ 256ನ್ನು ಮೀರಿದ್ದನ್ನು ಅವರೇ ಮುದ್ರಿಸಿ ನೋಡಿದ್ದಾರೆ.

ಮೂರನೆಯ ಆವೃತ್ತಿಯಲ್ಲಿ ಸ್ಟ್ರಕ್ಟ್‌ನ ಪ್ರತಿ ಸದಸ್ಯದ ಮೇಲೆ ಅದನ್ನು ಕಾಯುವ ಲಾಕ್‌ನ ಹೆಸರಿದೆ. ಕೆರೆಫ್ ಸೇರಿದೆ, ಎಂಮ್ಯಾಪ್ ಪ್ಯಾಚ್ ಸದ್ಯಕ್ಕೆ ಹಿಂದಕ್ಕೆ ಹೋಗಿದೆ. ನಕಲು ವಿಫಲವಾದರೆ ಅಳತೆ ಕಳೆದುಹೋಗುವುದನ್ನು ಮಾತ್ರ ಅವರು ಒಪ್ಪಿಲ್ಲ, ಅಳತೆಗಳನ್ನು ಬಫರ್‌ಗೆ ಮರಳಿ ಸೇರಿಸುತ್ತೇನೆ ಎಂದಿದ್ದಾರೆ.

ಸರದಿಸಾಲು

ಮರಳಿ ಸೇರಿಸುವ ಹೊತ್ತಿಗೆ ಹ್ಯಾಂಡ್ಲರ್ ಆ ಸ್ಥಾನಗಳನ್ನು ತುಂಬಿಬಿಟ್ಟಿದ್ದರೆ? ನಡುವೆ ರೀಸೆಟ್ ಬಂದಿದ್ದರೆ? ಆ ಸಾಲು ಬಂದಾಗ ಇಲ್ಲಿ ಹಾಕಿ. ಅಡ್ಡಗೆರೆ ಎಳೆಯುವ ಪೆನ್ಸಿಲ್ ಇನ್ನೂ ಕೈಯಲ್ಲೇ ಇದೆ.